ತಾಂಡೂರಿನ ಗಾಳಿಗೆ ಮಾರ್ಗದರ್ಶಕರಿಲ್ಲ

ಸಂಶೋಧನಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಗರದ ವಾಯುಮಾಲಿನ್ಯ ಮಾಪನ ಮತ್ತು ದತ್ತಾಂಶ ವಿಶ್ಲೇಷಣೆಯಲ್ಲಿ ಪಿಎಚ್‌ಡಿ ಮಾಡಲು ನಾನು ಹಾಕಿದ ಅರ್ಜಿಯನ್ನು ನಿಮ್ಮ ಕಚೇರಿ ತಿರಸ್ಕರಿಸಿದೆ. ತಾಂಡೂರು ವ್ಯಾಖ್ಯಾನದ ಪ್ರಕಾರ ನಗರವಲ್ಲವಂತೆ, ನಿಮ್ಮ ಪಟ್ಟಿಯಲ್ಲಿರುವ ಮಾಪನ ಕೇಂದ್ರವೂ ಇಲ್ಲಿಲ್ಲವಂತೆ. ಬಹಳ ಸಂತೋಷ. ಈ ವ್ಯಾಖ್ಯಾನವನ್ನು ನಮ್ಮ ಕಲ್ಲು ಪಾಲಿಶ್ ಮಾಡುವ ಯಂತ್ರಗಳಿಗೂ ಸಿಮೆಂಟ್ ಲಾರಿಗಳಿಗೂ ಯಾರಾದರೂ ಓದಿ ಹೇಳಬೇಕಿತ್ತು. ಪಾಪ, ಅವು ಇದನ್ನು ನಗರವೆಂದೇ ತಿಳಿದು ಇಷ್ಟು ವರ್ಷ ಧೂಳೆಬ್ಬಿಸಿವೆ. ಮುನಿಸಿಪಾಲಿಟಿಯವರು ಮನೆ ತೆರಿಗೆ ಕೇಳುವಾಗ ನಾವು ಪಟ್ಟಣದವರು. ಉಸಿರಾಡುವಾಗ ಮಾತ್ರ ಹಳ್ಳಿಯವರೇ?

ಸಿಟ್ಟಿನಲ್ಲೇ ಶುರುಮಾಡಿದರೂ ನಾನು ನಿಮ್ಮ ಅಭಿಮಾನಿ ಎಂಬುದನ್ನು ಮುಚ್ಚಿಡಲಾರೆ. ನಮ್ಮದು ಗಡಿಯಾಚೆಯ ಊರು; ನಾನು ಶಾಲೆ ಓದಿದ್ದು ತೆಲುಗಿನಲ್ಲಿ, ಕಾಲೇಜು ಇಂಗ್ಲಿಷಿನಲ್ಲಿ. ಸಂತೆಯಲ್ಲಿ ಮಾತಾಡುವುದು ದಖನಿ ಉರ್ದು. ಕನ್ನಡ ಎಂದರೆ ನಮ್ಮವ್ವ ನನ್ನನ್ನು ಬೈಯುವ ಭಾಷೆ, ಅಷ್ಟೆ. ಆ ಭಾಷೆಯಲ್ಲಿ ಒಬ್ಬರು ಸೂಕ್ಷ್ಮ ಧೂಳಿನ ಬಗ್ಗೆ, ಅದು ಎದೆಯೊಳಗೆ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದರ ಬಗ್ಗೆ ಪಾಠ ಮಾಡುತ್ತಾರೆಂದು ನಿಮ್ಮ ವಿಡಿಯೋ ನೋಡಿದ ಮೇಲೆಯೇ ಗೊತ್ತಾಗಿದ್ದು. ಗಾಳಿ ಅಳೆಯುವ ಹವ್ಯಾಸಿಗಳ ಆನ್‌ಲೈನ್ ಗುಂಪಿನಲ್ಲಿ ನಿಮ್ಮ ಮಾತುಗಳು ಸ್ಟಿಕರ್ ಆಗಿ ಓಡಾಡುತ್ತವೆ. ಹೆಚ್ಚಿನವನ್ನು ಮಾಡಿದವಳು ನಾನೇ. ಎಲ್ಲರಿಗೂ ಇಷ್ಟವಾದದ್ದು ಇದು: “ಯಾರೂ ಅಳೆಯದ ಊರಿಗೆ ಮೊದಲು ಹೋಗಿ.” ನಾನು ಹೋಗಬೇಕಾಗಿರಲಿಲ್ಲ, ಅಲ್ಲಿಯೇ ಹುಟ್ಟಿದ್ದೆ.

ಹಾಗಾಗಿ ನಮ್ಮ ಹಿತ್ತಿಲ ಗೋಡೆಗೆ ಒಂದು ಸಣ್ಣ ಸೆನ್ಸರ್ ಪೆಟ್ಟಿಗೆ ಕಟ್ಟಿದೆ. ಹೋಲಿಸಿ ನೋಡಲು ನಾರಾಯಣಖೇಡದ ಚಿಕ್ಕಮ್ಮನ ಮಾಳಿಗೆಯ ಮೇಲೊಂದು, ಜಹೀರಾಬಾದಿನ ಹೆದ್ದಾರಿ ಪಕ್ಕದ ಗೆಳತಿಯ ಮನೆಯಲ್ಲೊಂದು ಇಟ್ಟೆ. ಹಿಂದಿನ ಗಲ್ಲಿಯಲ್ಲಿ ಪಾಲಿಶ್ ಕಾರ್ಖಾನೆ ನಡೆಸುವ ಶಿವರಾಯ ಕಾಕಾ ಕತ್ತೆತ್ತಿ ನೋಡಿ, “ಏನ್ ಬೇಟಿ, ಗಾಳಿ ತೂಗೋ ತಕ್ಕಡಿ ಕಟ್ಟೀದಿ? ನಮ್ಮ ಕಾರ್ಖಾನಿ ಬಂದ್ ಮಾಡ್ಸಿದ್ರ ನಾಳಿ ನಿನ್ನ ಗಂಡನ ಮನಿ ನೆಲಕ್ಕ ಹಾಸಾಕ ಫರಸಿ ಕಲ್ಲು ಯಾರ್ ಕೊಡ್ತಾರ?” ಎಂದರು. ಈ ಊರಿನಲ್ಲಿ ನನ್ನ ಕೆಲಸದ ಬಗ್ಗೆ ನಡೆದ ಅತಿ ದೀರ್ಘ ಚರ್ಚೆ ಅದೇ. ಗುಂಪಿನಲ್ಲೂ ಅಷ್ಟೆ. ವಾರಕ್ಕೊಮ್ಮೆ ಗ್ರಾಫ್ ಹಾಕುತ್ತೇನೆ. ಯಾರೋ ಒಬ್ಬರು ಹೆಬ್ಬೆರಳು ತೋರಿಸುತ್ತಾರೆ, ಮಾತು ಮತ್ತೆ ದೊಡ್ಡ ಊರುಗಳ ಹೊಗೆಗೆ ಹೋಗುತ್ತದೆ. ಕೆಲವೊಮ್ಮೆ ನನ್ನ ಗ್ರಾಫಿನ ಕೆಳಗೆ ನಾನೇ ಒಂದು ಪ್ರಶ್ನೆ ಹಾಕಿ, ನಾನೇ ಉತ್ತರ ಬರೆಯುತ್ತೇನೆ.

ಒಮ್ಮೆ ಮಾತ್ರ ಎಲ್ಲರೂ ನನ್ನೊಂದಿಗೆ ಮಾತಾಡಿದರು. ಪ್ರತಿ ಸೋಮವಾರ ಸಂಜೆ ನಮ್ಮ ಪೆಟ್ಟಿಗೆಯ ಅಂಕಿ ಗೋಪುರದಂತೆ ಏಳುತ್ತಿತ್ತು. ಯಾವುದೋ ಕಾರ್ಖಾನೆ ವಾರಕ್ಕೊಮ್ಮೆ ಕದ್ದು ಹೊಗೆ ಬಿಡುತ್ತಿದೆ ಎಂದು ಗುಂಪಿನವರು ಗಾಳಿಯ ದಿಕ್ಕು, ಚಿಮಣಿಗಳ ಎತ್ತರ ಎಲ್ಲ ಲೆಕ್ಕ ಹಾಕಿದರು. ನನಗೆ “ತಾಂಡೂರು ಅಕ್ಕಾ” ಎಂದು ಹೆಸರೂ ಇಟ್ಟರು. ಮುಂದಿನ ಸೋಮವಾರ ನಾನು ಪೆಟ್ಟಿಗೆಯ ಪಕ್ಕದಲ್ಲೇ ಕುಳಿತೆ. ಹೊತ್ತು ಮುಳುಗುವಾಗ ನಮ್ಮವ್ವ ಗುರುಲಿಂಗಮ್ಮ ಧೂಪಾರತಿ ಹಿಡಿದು ಬಂದಳು. ಪೆಟ್ಟಿಗೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಧೂಪ ಬೆಳಗಿದಳು.

“ಅವ್ವಾ, ಏನ್ ಮಾಡಾಕತ್ತಿ?”

“ಕಾಣಲ್ದೇನು? ಸೋಮಾರ ಹೊಲಿಗಿ ಮಷೀನಕ್ಕ ಹಾಕ್ತೀನಿ, ನಿಮ್ಮಪ್ಪನ ಗಾಡಿಗಿ ಹಾಕ್ತೀನಿ. ನಿನ್ನ ಓದಿನ ಸಾಮಾನ ಏನ್ ಪಾಪ ಮಾಡ್ಯಾದ?”

“ಅದು ಹೊಗಿ ಅಳೀತದ, ಅವ್ವಾ.”

“ಅಳೀಲಿ ಬಿಡು. ದೇವ್ರ ಹೊಗಿ ಬ್ಯಾರೆ ಅದ ಅಂತ ಅದಕ್ಕೂ ಗೊತ್ತಾಗ್ತದ.”

ಅದಕ್ಕೆ ಗೊತ್ತಾಗಲಿಲ್ಲ. ನಾನು ಗುಂಪಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ. ಎಲ್ಲರೂ ನಕ್ಕರು, ಆಮೇಲೆ ತಮ್ಮ ತಮ್ಮ ಊರಿನ ಹೊಗೆಯ ಮಾತಿಗೆ ಮರಳಿದರು. ಸುಮ್ಮನಿದ್ದಿದ್ದರೆ ಇನ್ನಷ್ಟು ಸೋಮವಾರ ನನಗೆ ಜೊತೆ ಸಿಗುತ್ತಿತ್ತು.

ಆದರೂ ಅದನ್ನು ಅರ್ಜಿಯ ಜೊತೆಗಿನ ಸಂಶೋಧನಾ ಪ್ರಸ್ತಾವದಲ್ಲಿ ಬರೆದೆ, ಏಕೆಂದರೆ “ಗ್ರಾಫಿನ ಏರು ಕಂಡರೆ ಅಳಿಸಬೇಡಿ, ಕಾರಣ ಹುಡುಕಿ” ಎಂದವರು ನೀವು. ಕಾರಣ ಹುಡುಕಿ, ಆ ಸಂಜೆಗಳನ್ನು ಬೇರೆ ಮಾಡಿ, ಉಳಿದ ದಿನಗಳ ಧೂಳು ಕಾರ್ಖಾನೆಗಳು ನಡೆಯುವ ಹೊತ್ತಿಗೆ ಹೇಗೆ ಏರುತ್ತದೆ ಎಂದು ತೋರಿಸಿದ್ದೆ. ಸಂದರ್ಶನದಲ್ಲಿ ನಿಮ್ಮನ್ನು ಮೊದಲ ಬಾರಿ ಎದುರಿಗೆ ಕಂಡೆ. ನೀವು ಆ ಒಂದು ಪುಟ ತೆರೆದು ಕೇಳಿದಿರಿ: “ನೀವು ಅಳೆದದ್ದು ಗಾಳಿಯನ್ನೋ, ಭಕ್ತಿಯನ್ನೋ?” ಸಮಿತಿಯವರೆಲ್ಲ ನಕ್ಕರು. ನಾನೂ ನಕ್ಕೆ. ಅಭಿಮಾನಿಗಳು ನಗಬೇಕಲ್ಲ. ಉಳಿದ ಪುಟಗಳನ್ನು ನೀವು ತಿರುವಲಿಲ್ಲ. ತಪ್ಪನ್ನು ಮುಚ್ಚಿಟ್ಟವರ ಪ್ರಸ್ತಾವ ಅಚ್ಚುಕಟ್ಟಾಗಿ ಕಾಣುತ್ತದೆ, ಒಪ್ಪುತ್ತೇನೆ. ನಿಮ್ಮಲ್ಲಿ ಸಂಶೋಧನೆ ಎಂದರೆ ಅದೇ ಏನು?

ಅಗ್ಗದ ಸೆನ್ಸರನ್ನು ಪ್ರಮಾಣಿತ ಯಂತ್ರದ ಪಕ್ಕದಲ್ಲಿಟ್ಟು ಹೋಲಿಸದೆ ನಂಬಬಾರದು ಎಂಬುದು ನನಗೂ ಗೊತ್ತು. ಆದರೆ ಆ ಯಂತ್ರ ಇರುವುದು ನಿಮ್ಮ ಬಳಿ. ಅಧ್ಯಯನವಿಲ್ಲದ ಊರಿಗೆ ಕೇಂದ್ರ ಕೊಡುವುದಿಲ್ಲ, ಕೇಂದ್ರವಿಲ್ಲದ ಊರಿನ ಅಧ್ಯಯನ ಒಪ್ಪುವುದಿಲ್ಲ. ಹಾಗಾದರೆ ನಾವು ಯಾವ ಬಾಗಿಲಿನಿಂದ ಒಳಗೆ ಬರಬೇಕು? ನೀವೇ ಬರೆದ ವ್ಯಾಖ್ಯಾನದಲ್ಲಿ ನಗರವಾಗುವ ತನಕ ಉಸಿರು ಬಿಗಿಹಿಡಿದು ಕಾಯಬೇಕೇ?

ನನ್ನ ಬೇಡಿಕೆ ಇಷ್ಟು. ನಿಮ್ಮ ಪ್ರಯೋಗಾಲಯದ ಒಂದು ಪ್ರಮಾಣಿತ ಯಂತ್ರವನ್ನು ಈ ಬೇಸಿಗೆಯ ಮಟ್ಟಿಗೆ ತಾಂಡೂರಿನ ಯಾವುದಾದರೂ ಸರ್ಕಾರಿ ಶಾಲೆಯ ಮಾಳಿಗೆಯ ಮೇಲೆ, ನನ್ನ ಪೆಟ್ಟಿಗೆಯ ಪಕ್ಕದಲ್ಲಿಡಿ. ಬಂದ ಅಂಕಿಗಳನ್ನು ನೋಡಲು ಒಬ್ಬ ಮಾರ್ಗದರ್ಶಕರನ್ನು ನೇಮಿಸಿ. ಎರಡರ ಅಂಕಿಗಳೂ ಒಂದಕ್ಕೊಂದು ಹೊಂದದಿದ್ದರೆ ಆಗ ತಿರಸ್ಕರಿಸಿ, ಎದುರು ಮಾತಾಡುವುದಿಲ್ಲ. ನನ್ನ ಲೆಕ್ಕ ಸರಿ ಎಂದು ಇದುವರೆಗೆ ಯಾರೂ ಹೇಳಿಲ್ಲ, ತಪ್ಪು ಎಂದೂ ಹೇಳಿಲ್ಲ. ಕಣ್ಣಿಟ್ಟು ನೋಡಿದವರೇ ಇಲ್ಲ. ಹೊಗಳಿಕೆ ಬೇಡ, ಮಾನ್ಯರೇ. ಒಂದು ಸಾಲಿನ ಮೇಲೆ ಬೆರಳಿಟ್ಟು “ಇಲ್ಲಿ ಎಡವಿದ್ದೀಯ” ಎನ್ನಿ ಸಾಕು. ನಾನು ಇಲ್ಲ ಎನ್ನುತ್ತೇನೆ, ನೀವು ಹೌದು ಎನ್ನಿ. ಈ ವಿಷಯದಲ್ಲಿ ಜಗಳವಾಡಲು ನನಗೆ ಒಬ್ಬರಾದರೂ ಬೇಕು.

ಇಂತಿ,
ಮುಂದಿನ ವರ್ಷದ ಅರ್ಜಿಯನ್ನೂ ನಿಮಗೇ ಬರೆಯಲಿರುವ, ಬೇರೆ ಯಾರಿಗೆ ಬರೆಯಬೇಕೆಂದು ತಿಳಿಯದ,
ಪ್ರೇಮಲಾ
ತಾಂಡೂರು