ಇಟ್ಟಂಗಿಯೊಳಗಿನ ಹನ್ನೊಂದು ಸೆಕೆಂಡು

ಬೆಟಗೇರಿ
ಇಸವಿ ೨೧೭೩, ಮರುಬೇಸಿಗೆಯ ಹದಿನಾಲ್ಕನೆಯ ದಿನ

ಶಕುಂತಲಾ,

ಮೇಲಿನ ತಾರೀಖು ನೋಡಿ ಬೆಚ್ಚಬೇಡ. ನಿನ್ನ ಕಾಲದಲ್ಲಿ ವರ್ಷಕ್ಕೆ ಒಂದೇ ಬೇಸಿಗೆ ಇತ್ತೆಂದು ಹೈಸ್ಕೂಲಿನಲ್ಲಿ ಓದಿದ್ದೇನೆ. ನಮಗೆ ಎರಡು. ಎರಡನೆಯದನ್ನು ಮರುಬೇಸಿಗೆ ಎನ್ನುತ್ತೇವೆ. ಇಂಥ ನಿನಗೆ ತಿಳಿಯದ ಶಬ್ದಗಳು ಈ ಓಲೆಯಲ್ಲಿ ಇನ್ನೂ ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಕ್ಷಮೆ ಕೇಳಿ ನನಗೆ ರೂಢಿಯಿಲ್ಲ. ಹಾಗಾಗಿ ಒಂದೇ ಸಲ, ಇಲ್ಲಿಯೇ, ಕೇಳಿ ಮುಗಿಸಿದ್ದೇನೆ.

ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಓಲೆ ಓದುವಾಗ ನಿನಗೆ ನಲವತ್ತೊಂದು ವರ್ಷ, ನನಗೆ ಎಪ್ಪತ್ತಾರು. ಆದ್ದರಿಂದ ಹೆಸರು ಹಿಡಿದು, ಏಕವಚನದಲ್ಲೇ ಬರೆಯುತ್ತೇನೆ. ನಾನು ದಾಕ್ಷಾಯಣವ್ವ. ಮೂವತ್ತೊಂದು ಜನರ ಮನೆಗೆ ಹಿರಿಯಳು. ನಮ್ಮ ಮಗ್ಗಗಳಲ್ಲಿ ನೆರಳುಬಟ್ಟೆ ನೇಯುತ್ತೇವೆ. ಗದಗಿನಿಂದ ಬೆಟಗೇರಿಯವರೆಗೆ ಪ್ರತಿ ಓಣಿಯ ಮೇಲೂ ಛಾವಣಿಯಂತೆ ಕಟ್ಟಿರುವ ಬಟ್ಟೆ ಅದು. ಅದಿಲ್ಲದೆ ನಮ್ಮಲ್ಲಿ ಯಾರೂ ಹಗಲಿನಲ್ಲಿ ಹೊಸ್ತಿಲು ದಾಟುವುದಿಲ್ಲ. ನಾನು ಓಣಿಯಲ್ಲಿ ನಡೆದರೆ ಜನ ಗೋಡೆಗೆ ಸರಿದು ದಾರಿ ಬಿಡುತ್ತಾರೆ. ಇಷ್ಟು ಹೇಳುವುದು ಯಾಕೆಂದರೆ, ವರ್ಷದಲ್ಲಿ ಒಂದು ದಿನ ಮಾತ್ರ ಇದೇ ಊರಿನಲ್ಲಿ ನಾನು ಹಿಂದಿನ ಚಾಪೆಯ ಮೇಲೆ ಕೂರಬೇಕು. ಅದು ನಿನ್ನಿಂದಾಗಿ.

ನಿನ್ನ ಮಸಾಲೆ ಪುಸ್ತಕ ನನ್ನ ಟ್ರಂಕಿನಲ್ಲಿದೆ. ಅರಿಸಿನದ ಕಲೆಯಾದ ಇಪ್ಪತ್ತೆರಡನೆಯ ಹಾಳೆಯಲ್ಲಿ ನೀನು ಒಂದು ಪಟ್ಟಿ ಬರೆದಿದ್ದೀ. ಮೇಲೆ ‘ದಸರಾಕ್ಕ ಬರೋ ಹೊಸ ಫೋನ್’ ಎಂದು ಎರಡು ಗೆರೆ ಎಳೆದಿದ್ದೀ. ಪಟ್ಟಿ ನನಗೆ ಬಾಯಿಪಾಠ. ಒಂದು, ಹಪ್ಪಳದಷ್ಟು ತೆಳ್ಳಗಿರಬೇಕು, ಕೀಲಿಕೈ ಇಡುವ ಸಣ್ಣ ಪರ್ಸಿನಲ್ಲಿ ಹಿಡಿಯಬೇಕು. ಎರಡು, ಮೆಮರಿ ಐನೂರಾ ಹನ್ನೆರಡು ಬರುತ್ತದೆಂದು ಅಂಗಡಿಯವ ಹೇಳಿದ್ದಾನೆ, ಅಷ್ಟು ತುಂಬುವಂಥದ್ದು ನಮ್ಮ ಮನೆಯಲ್ಲಿ ಏನಿದೆ, ಕಡಿಮೆಯದೇ ಸಾಕು, ಉಳಿದದ್ದು ಮೇಲೆ ಕ್ಲೌಡಿನಲ್ಲಿ ಇಟ್ಟುಕೊಳ್ಳುತ್ತಾರಂತೆ. ಮೂರು, ಇಯರ್‌ಫೋನಿನ ತೂತು ಬೇಡ. ನಾಲ್ಕು, ಚಾರ್ಜರ್ ಪಿನ್ನಿನ ತೂತೂ ಈ ಸಲ ಇರುವುದಿಲ್ಲವಂತೆ, ಹಲಗೆಯ ಮೇಲಿಟ್ಟರೆ ಸಾಕಂತೆ, ಒಳ್ಳೆಯದೇ ಆಯಿತು. ಐದು, ಮೆಮರಿ ಕಾರ್ಡಿನ ಖಾನೆ. ಅದರ ಮುಂದೆ ನಿನ್ನ ಅಕ್ಷರದಲ್ಲಿ, ಪೆನ್ನು ಒತ್ತಿ ಬರೆದದ್ದು: ‘ಬ್ಯಾಡ. ತೂತು ಇದ್ದಷ್ಟು ಧೂಳು.’

ಈ ಹಾಳೆ ತೆಗೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಿನ್ನ ಮೂರ್ಖತನಕ್ಕಲ್ಲ, ನಿನ್ನ ಭಾಗ್ಯಕ್ಕೆ. ಒಂದು ಅಂಗಡಿಗೆ ಹೋಗಿ, ಕುರ್ಚಿಯಲ್ಲಿ ಕುಳಿತು, ಇದು ದಪ್ಪ, ಇದು ತೆಳುವು, ಇದಕ್ಕೆ ತೂತಿದೆ, ಇದಕ್ಕಿಲ್ಲ ಎಂದು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದಿರಲ್ಲ! ನಮಗೆ ಕೈಯಲ್ಲಿ ಹಿಡಿಯುವಂಥದ್ದು ಏನೂ ಇಲ್ಲ. ನಮ್ಮದು ಗೋಡೆಮಾತು. ಗೋಡೆಗೆ ಹೇಳಿದರೆ ಅದು ಹೇಳಬೇಕಾದವರ ಗೋಡೆಗೆ ಹೇಳುತ್ತದೆ, ಹೇಳಿ ಮರೆಯುತ್ತದೆ. ಅದರ ಗಾತ್ರ ನಮ್ಮನ್ನು ಕೇಳಿ ಮಾಡಿದ್ದಲ್ಲ. ನೆನಪು ಇಡದಂತೆ ಅದನ್ನು ಮಾಡಿದ್ದೂ ಬೇಕೆಂದೇ. ಮರೆವಿನ ವರ್ಷದಿಂದ ಜನ ಪಾಠ ಕಲಿತಿದ್ದರು.

ಮರೆವಿನ ವರ್ಷ ಎಂದರೆ, ನೀವೆಲ್ಲ ‘ಮೇಲೆ ಇಟ್ಟದ್ದು’ ಒಂದೇ ಮಳೆಗಾಲದಲ್ಲಿ ಹೋದ ವರ್ಷ. ಯಾರ ಮನೆಯಲ್ಲಿ ಇಟ್ಟಿದ್ದಿರೋ ಆ ಮನೆಯವರು ಬಾಗಿಲು ಹಾಕಿಕೊಂಡು ಹೋದರು. ಮದುವೆ, ಮಕ್ಕಳ ಮೊದಲ ಮಾತು, ಸತ್ತವರ ದನಿ, ಎಲ್ಲವೂ ಹೋಯಿತು. ಉಳಿದದ್ದು ಕೈಯಲ್ಲಿದ್ದದ್ದು, ಕಾರ್ಡಿನಲ್ಲಿದ್ದದ್ದು. ಆಮೇಲೆ ನಮ್ಮಲ್ಲಿ ಕೇಳುಹಬ್ಬ ಶುರುವಾಯಿತು. ಆ ದಿನ ಹಳೆಯ ದನಿ ಉಳಿಸಿಕೊಂಡ ಮನೆಗಳು ತಮ್ಮ ಮೂಲದ ಹೆಂಗಸಿನ ದನಿಯನ್ನು ಊರಿಗೆಲ್ಲ ಕೇಳಿಸುತ್ತವೆ. ಅವು ದನಿಮನೆಗಳು, ಮುಂದಿನ ಚಾಪೆ ಅವರದು. ಉಳಿದವು ಮೂಕಮನೆಗಳು. ನಮ್ಮದು ಮೂಕಮನೆ. ನಿನ್ನ ಹಪ್ಪಳ ನಮ್ಮ ದೇವರ ಜಗಲಿಯ ಮೇಲಿದೆ. ನುಣುಪು, ಎಲ್ಲೂ ಒಂದು ಬಿರುಕಿಲ್ಲ, ಒಂದು ತೂತಿಲ್ಲ, ಒಂದು ಕಣ ಧೂಳಿಲ್ಲ. ಒಳಗೆ ಏನಿದೆಯೋ ನೂರಾ ಇಪ್ಪತ್ತು ವರ್ಷದಿಂದ ಯಾರಿಗೂ ಗೊತ್ತಿಲ್ಲ. ಮೂವರು ಕುಶಲಕರ್ಮಿಗಳನ್ನು ಕರೆಸಿದ್ದೆ. ಮೂವರೂ ಅಂಚಿನ ಸುತ್ತ ಉಗುರಾಡಿಸಿ, ‘ಒಳಗ ಹೋಗಾಕ ದಾರೀನ ಇಟ್ಟಿಲ್ಲಲ್ರೀ ಅವ್ವಾರ’ ಎಂದು ಕೈ ತೊಳೆದುಕೊಂಡರು.

ಇನ್ನು ನಿನ್ನ ಅಕ್ಕ ಅನ್ನಪೂರ್ಣಾಳ ಮನೆ. ಎರಡು ಓಣಿ ಆಚೆ. ಅವಳ ಮೊಮ್ಮಗಳ ಮೊಮ್ಮಗಳು ಕಾಶವ್ವ ಅಲ್ಲಿ ಹಿರಿಯಳು, ನನ್ನ ವಯಸ್ಸಿನವಳು. ಮೂವತ್ತು ವರ್ಷ ನಾವಿಬ್ಬರೂ ಹಬ್ಬದ ದಿನ ಬಿಟ್ಟು ಬೇರೆ ದಿನ ಮಾತಾಡಿಲ್ಲ. ಅವಳ ಮನೆಯಲ್ಲಿ ಅನ್ನಪೂರ್ಣಾಳ ಫೋನಿದೆ. ನೋಡಿದರೆ ನಗು ಬರಬೇಕು, ದಪ್ಪ, ಮೂಲೆ ಒಡೆದದ್ದು, ಹಿಂದೆ ರಬ್ಬರಿನ ಕವಚ. ಆದರೆ ಪಕ್ಕದಲ್ಲಿ ಕಾರ್ಡಿನ ಖಾನೆ, ಕೆಳಗೆ ಎರಡು ತೂತು. ಫೋನು ಯಾವಾಗಲೋ ಸತ್ತಿದೆ, ಕಾರ್ಡಿನಲ್ಲಿದ್ದದ್ದು ಸತ್ತಿಲ್ಲ. ಹತ್ತು ವರ್ಷಕ್ಕೊಮ್ಮೆ ಅದನ್ನು ಹೊಸ ಕಾರ್ಡಿಗೆ ಇಳಿಸುತ್ತಾರೆ. ಇಳಿಸಿದ ಮೇಲೆ ಹಳೆಯದನ್ನು ಕುಲುಮೆಗೆ ಹಾಕುತ್ತಾರೆ. ಒಂದು ಮನೆಗೆ ಒಂದೇ ದನಿ ಇರಬೇಕು, ಅದು ಇನ್ನೊಂದು ಮನೆಗೆ ದಾಟಬಾರದು ಎಂಬುದು ನಮ್ಮ ಕಟ್ಟಳೆ.

ಆ ಕಾರ್ಡಿನಲ್ಲಿ ಅನ್ನಪೂರ್ಣಾ ನಾಲ್ಕು ನಿಮಿಷ ಮಾತಾಡುತ್ತಾಳೆ, ನಿಮ್ಮ ಅವ್ವನ ಮಾದಲಿ ಮಾಡುವುದು ಹೇಗೆಂದು. ಗೋಧಿ ಹುರಿಯುವುದು, ಬೀಸುವುದು, ಗಸಗಸೆ, ಏಲಕ್ಕಿ, ಎಲ್ಲ ಸಾವಕಾಶ ಹೇಳುತ್ತಾಳೆ. ಚಲೋ ದನಿ, ನಾನು ಸುಳ್ಳು ಹೇಳುವುದಿಲ್ಲ. ‘ಒಂದು ಸೇರ ಹಿಟ್ಟಿಗೆ ಬೆಲ್ಲ ಎಷ್ಟಪಾ ಅಂದ್ರ’ ಎನ್ನುವಷ್ಟರಲ್ಲಿ ಬಾಗಿಲು ಕಿರುಗುಡುತ್ತದೆ. ಆಮೇಲೆ ನೀನು.

‘ಏ ಅಕ್ಕಾ, ಇದೇನ ಫೋನ ಐತೋ ಇಟ್ಟಂಗಿ ಐತೋ ಬೇ? ಕಾಲ ಮ್ಯಾಲ ಬಿದ್ರ ಬೆರಳ ಹೋದಾವ ನೋಡ. ನಂದ ಬರತೈತಿ ದಸರಾಕ್ಕ, ಹಪ್ಪಳ ಇದ್ದಂಗ!’

‘ಹಪ್ಪಳ ಮುರೀತೈತಿ ತಂಗಿ.’

ಆಗ ನೀನು ನಗುತ್ತೀ. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತುಂಬ. ಒಟ್ಟು ಹನ್ನೊಂದು ಸೆಕೆಂಡು. ನಗು ಮುಗಿಯುವಾಗ ಅನ್ನಪೂರ್ಣಾ ಬೆಲ್ಲದ ಅಳತೆ ಹೇಳಿ ಮುಗಿಸಿ, ಕೊಬ್ಬರಿಯ ಮಾತು ಹಿಡಿದಿರುತ್ತಾಳೆ.

ಶಕುಂತಲಾ, ಭೂಮಿಯ ಮೇಲೆ ನಿನ್ನ ದನಿ ಉಳಿದಿರುವುದು ಅಷ್ಟೇ. ಅದೂ ನೀನು ಇಟ್ಟಂಗಿ ಎಂದು ಹೀಯಾಳಿಸಿದ ಆ ಫೋನಿನೊಳಗೆ. ಅದನ್ನು ಕೇಳಲು ನಾನು ಪ್ರತಿ ವರ್ಷ ಕಾಶವ್ವನ ಅಂಗಳಕ್ಕೆ ಹೋಗಿ ಹಿಂದಿನ ಚಾಪೆಯಲ್ಲಿ ಕೂರುತ್ತೇನೆ, ಕೇಳಲು ಬಂದವಳಲ್ಲ ಎಂಬಂತೆ ಬೇರೆ ಕಡೆ ಮುಖ ಮಾಡಿ. ನನ್ನ ಅವ್ವ ಹಾಗೇ ನಗುತ್ತಿದ್ದಳು, ಮೊದಲು ಮೂಗಿನಲ್ಲಿ. ಮಗ್ಗದ ಕೋಣೆಯಲ್ಲಿ ಅವಳ ನಗು ಕೇಳಿದರೆ ಲಾಳಿ ನಿಲ್ಲುತ್ತಿತ್ತು. ನಾನೂ ಹಾಗೇ ನಗುತ್ತೇನೆಂದು ಮನೆಯವರು ಹೇಳುತ್ತಾರೆ. ನಾನು ನಗುವುದು ಕಡಿಮೆ, ಹಾಗಾಗಿ ಖಚಿತವಾಗಿ ಹೇಳಲಾರೆ.

ಈಗ ನನ್ನ ತಪ್ಪು ಹೇಳುತ್ತೇನೆ. ಹೋದ ಹಬ್ಬದಲ್ಲಿ ಕಾಶವ್ವ ಎಲ್ಲರ ಮುಂದೆ ಕೂಗಿದಳು, ‘ದಾಕ್ಷಾಯಣೀ, ಮುಂದ ಬಾರ ಬೇ, ನಿಮ್ಮಜ್ಜಿ ಬಾಗಲದಾಗ ನಿಂತಾಳ, ಹಿಂದ ಕುಂತ್ರ ನಿನಗ ಕೇಳಂಗಿಲ್ಲ!’ ಜನ ನಕ್ಕರು. ನಾನು ಸುಮ್ಮನಿರಬಹುದಿತ್ತು. ನನಗೆ ಸುಮ್ಮನಿದ್ದು ಗೊತ್ತಿಲ್ಲ. ‘ನಿಮ್ಮ ಮುದಿಕಿ ನಾಕ ನಿಮಿಷ ಒದರಿದ್ದಕ್ಕಿಂತ ನಮ್ಮಾಕಿ ಹನ್ನೊಂದ ಸೆಕೆಂಡ ನಕ್ಕದ್ದ ಚಲೋ ಐತಿ. ಊರ ಮಂದಿ ಅದನ್ನ ಕೇಳಾಕ ಬರ್ತಾರ’ ಎಂದೆ. ಜನ ಇನ್ನೂ ಜೋರಾಗಿ ನಕ್ಕರು. ಕಾಶವ್ವ ನಗಲಿಲ್ಲ.

ಈ ವರ್ಷ ಹೊಸ ಕಾರ್ಡಿಗೆ ಇಳಿಸುವ ವರ್ಷ. ಮೊನ್ನೆ ನನ್ನ ಸೊಸೆ ವಿನೋದಾ ಬಟ್ಟೆ ಕೊಟ್ಟು ಬರಲು ಆ ಓಣಿಗೆ ಹೋದವಳು ಮುಖ ಸಣ್ಣ ಮಾಡಿಕೊಂಡು ಬಂದಳು. ಕಾಶವ್ವ ಈ ಸಲ ಗದ್ದಲ ತೆಗೆಸಿ ದನಿ ಶುದ್ಧ ಮಾಡಿಸುತ್ತಿದ್ದಾಳೆ. ಗದ್ದಲ ಎಂದರೆ ನೀನು. ‘ನಿಮ್ಮತ್ತಿಗೆ ಹೇಳವಾ’ ಎಂದಳಂತೆ, ‘ಆಕಿ ನಮ್ಮನಿಗೆ ಬಂದು, ಬಾಯಿ ಬಿಟ್ಟು, ಇಡ ಕಾಶವ್ವಾ ಅಂತ ಒಂದ ಮಾತ ಅನ್ನಲಿ. ಇಡತೀನಿ. ಇಲ್ಲಂದ್ರ ಹುಣ್ಣಿವಿಗೆ ಕುಲುಮಿ.’ ಹುಣ್ಣಿಮೆಗೆ ಎರಡು ದಿನ ಉಳಿದಿದೆ.

ವಿನೋದಾ ಅಂದಳು, ‘ಒಂದ ಮಾತಲ್ರೀ ಅತ್ತಿ, ಅಂದ ಬರ್ರಿ.’ ನಾನು ಅವಳನ್ನು ನೋಡಿದ ರೀತಿಗೆ ಅವಳು ಅಡುಗೆಮನೆಗೆ ಹೋದಳು. ಬುದ್ಧಿ ಬಂದಾಗಿನಿಂದ ನಾನು ಯಾರನ್ನೂ ಏನನ್ನೂ ಬೇಡಿಲ್ಲ. ಅದರಲ್ಲೂ ಆ ಅಂಗಳದಲ್ಲಿ.

ಅದಕ್ಕೇ ಈ ಓಲೆ. ಮೂಕಮನೆಯವರು ಹಬ್ಬಕ್ಕೆ ಮುಂಚೆ ತಮ್ಮ ಮೂಲದ ಹೆಂಗಸಿಗೆ ಹಿಂದೋಲೆ ಬರೆದು, ಅವಳ ಸತ್ತ ಫೋನಿನ ಕೆಳಗೆ ಇಡುವ ವಾಡಿಕೆಯಿದೆ. ಕೆಲಸವಿಲ್ಲದವರ ಕೆಲಸವೆಂದು ನಾನು ಇದುವರೆಗೂ ಬರೆದಿರಲಿಲ್ಲ. ಈಗ ಬರೆಯಲು ಕುಳಿತಾಗ ನನ್ನ ಲೆಕ್ಕ ಸರಳವಾಗಿತ್ತು. ನೀನು ಪಟ್ಟಿ ಬರೆದದ್ದು ಶ್ರಾವಣದಲ್ಲಿ. ಫೋನು ಕೊಳ್ಳಲು ಇನ್ನೂ ಎರಡು ತಿಂಗಳಿದೆ. ಐದನೆಯ ಸಾಲಿನ ‘ಬ್ಯಾಡ’ ಹೊಡೆದು ಹಾಕು, ದಪ್ಪದ್ದು ತೆಗೆದುಕೊ, ಕಾರ್ಡಿನ ಖಾನೆ ಇರುವುದನ್ನು ತೆಗೆದುಕೊ, ಅದರ ಮುಂದೆ ಕುಳಿತು ನಾಲ್ಕಲ್ಲ, ನಲವತ್ತು ನಿಮಿಷ ಮಾತಾಡು ಎಂದು ಆಜ್ಞೆ ಮಾಡುವುದು. ಆಗ ನಾನು ಯಾರ ಮುಂದೆಯೂ ಬಾಯಿ ಬಿಡಬೇಕಿಲ್ಲ. ಕಾಶವ್ವ ನನ್ನ ಅಂಗಳದಲ್ಲಿ ಹಿಂದಿನ ಚಾಪೆಗೆ ಬರುತ್ತಾಳೆ.

ಇಷ್ಟು ಬರೆದು ಪುಸ್ತಕ ಮತ್ತೊಮ್ಮೆ ತೆಗೆದೆ. ‘ಬ್ಯಾಡ’ ಎಂದು ಪೆನ್ನು ಎಷ್ಟು ಒತ್ತಿದ್ದೀಯೆಂದರೆ ಹಾಳೆಯ ಹಿಂಬದಿಯಲ್ಲಿ ಬೆರಳಿಗೆ ಅಕ್ಷರ ತಾಗುತ್ತದೆ. ಹೀಗೆ ಬರೆಯುವವಳು ಯಾರ ಮಾತೂ ಕೇಳುವುದಿಲ್ಲ. ನಾನೂ ಹೀಗೇ ಬರೆಯುತ್ತೇನೆ. ನೂರಾ ನಲವತ್ತೇಳು ವರ್ಷದಾಚೆಯಿಂದ ಒಬ್ಬ ಮುದುಕಿ ಓಲೆ ಬರೆದಳೆಂದು ನೀನು ಅಂಗಡಿಯಲ್ಲಿ ಕೈ ಬದಲಿಸುವವಳಲ್ಲ. ನನ್ನ ಅವ್ವನಿಗೆ, ನನಗೆ, ಎಲ್ಲರಿಗೂ ಆ ನಗು ಕೊಟ್ಟ ಹಾಗೆ ಈ ಹಟವನ್ನೂ ನೀನೇ ಕೊಟ್ಟಿದ್ದು.

ಹಾಳೆಯ ಹಿಂಬದಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿ ನೀನು ‘ಅವ್ವನ ಮಾದಲಿ’ ಎಂದು ಬರೆದಿದ್ದೀ: ಒಂದು ಸೇರಿಗೆ ಮುಕ್ಕಾಲು ಸೇರು ಬೆಲ್ಲ, ಮೇಲೆ ಒಂದು ಮುಷ್ಟಿ. ಕಾಶವ್ವನ ಮನೆಯಲ್ಲಿ ಇದು ಗೊತ್ತಿಲ್ಲ, ನೀನು ನಕ್ಕು ಆ ಅಳತೆಯನ್ನು ನುಂಗಿದ್ದೀ. ಅವರು ಸರಿಸಮ ಹಾಕುತ್ತಾರೆ. ಪ್ರತಿ ಹಬ್ಬದಲ್ಲೂ ಅವರ ಮಾದಲಿ ಉಂಡೆಗಟ್ಟುತ್ತದೆ. ಕಾಶವ್ವ ಬೆರಳಿನಿಂದ ಉಂಡೆ ಒಡೆಯುತ್ತ, ‘ಅಜ್ಜಿ ಎಲ್ಲಾ ಹೇಳ್ಯಾಳ, ಇದೊಂದ ಹೇಳಿಲ್ಲ’ ಎನ್ನುತ್ತಾಳೆ. ನಾನು ಹಿಂದಿನ ಚಾಪೆಯಲ್ಲಿ ತಟ್ಟೆ ಹಿಡಿದು ಸುಮ್ಮನೆ ತಿನ್ನುತ್ತೇನೆ. ಮೂವತ್ತು ವರ್ಷ ನನ್ನ ಹಬ್ಬದ ಸಿಹಿ ಅದೇ ಆಗಿತ್ತು. ಅವಳ ಕಾರ್ಡಿನಲ್ಲಿ ನನ್ನ ಮುದುಕಿ, ನನ್ನ ಪುಸ್ತಕದಲ್ಲಿ ಅವಳ ಬೆಲ್ಲ. ಇಬ್ಬರೂ ಕೊಡಲಿಲ್ಲ. ಅವಳು ಕೊಡದಿದ್ದದ್ದು ಕಟ್ಟಳೆಗೆ. ನಾನು ಕೊಡದಿದ್ದದ್ದು ಹೊಟ್ಟೆಕಿಚ್ಚಿಗೆ.

ನಾಳೆ ಬೆಳಿಗ್ಗೆ, ನೆರಳುಬಟ್ಟೆ ಬಿಚ್ಚಿ ಹರಡುವ ಹೊತ್ತಿಗೆ, ಕಾಶವ್ವನ ಮನೆಗೆ ಹೋಗುತ್ತೇನೆ. ಪುಸ್ತಕ ಸೆರಗಿನ ಕೆಳಗಿರುತ್ತದೆ. ಮೊದಲು ಬಾಯಿ ಬಿಟ್ಟು ಕೇಳುತ್ತೇನೆ, ಇಡ ಕಾಶವ್ವಾ ಎಂದು. ಅವಳು ಹೂಂ ಅಂದ ಮೇಲೆ ಪುಸ್ತಕ ತೆಗೆಯುತ್ತೇನೆ. ಮೊದಲೇ ತೆಗೆದರೆ ಅದು ಸಂತೆಯ ವ್ಯಾಪಾರವಾಗುತ್ತದೆ. ಅವಳು ಊಹೂಂ ಅಂದರೂ ಪುಸ್ತಕ ತೆಗೆಯುತ್ತೇನೆ ಎಂದು ಈಗ ಬರೆಯುತ್ತಿದ್ದೇನೆ, ಬರೆದ ಮೇಲೆ ನನ್ನಿಂದ ಮಾತು ತಪ್ಪಲಾಗುವುದಿಲ್ಲ.

ಓಲೆ ಮಡಚಿದರೆ ನಿನ್ನ ಫೋನಿಗಿಂತ ದಪ್ಪವಾಗುತ್ತದೆ. ಅದರ ಕೆಳಗೆ ಇಟ್ಟರೆ ಫೋನು ಓರೆಯಾಗಿ ನಿಲ್ಲಬಹುದು, ನಿಲ್ಲಲಿ.

ನಿನಗೆ ಒಂದೇ ಕೋರಿಕೆ. ಹಪ್ಪಳದಂಥದ್ದನ್ನೇ ತೆಗೆದುಕೊ, ನಿನಗೆ ಬೇಕಾದದ್ದು ಅದು. ಆದರೆ ದಸರೆಗೆ ಹದಿನೈದು ದಿನ ಇರುವಾಗ ನೀನು ಅಕ್ಕನ ಅಡುಗೆಮನೆಗೆ ಹೋಗುತ್ತೀ. ಅಲ್ಲಿ ಒಲೆಯ ಪಕ್ಕ, ಬೆಲ್ಲದ ಡಬ್ಬಿಗೆ ಆನಿಸಿ ಅವಳು ಆ ಇಟ್ಟಂಗಿ ನಿಲ್ಲಿಸಿರುತ್ತಾಳೆ. ಹನ್ನೊಂದು ಸೆಕೆಂಡಿಗೆ ಸುಮ್ಮನಾಗಬೇಡ. ಬಾಗಿಲಲ್ಲಿ ನಿಲ್ಲಬೇಡ, ಒಳಗೆ ಬಾ. ಅದರ ದಪ್ಪ ಆಡಿಕೊ, ಮೂಲೆ ಆಡಿಕೊ, ಒಂದೊಂದು ತೂತಿನ ಹೆಸರು ಹಿಡಿದು ಹೀಯಾಳಿಸು. ಹತ್ತಿರ ಬಂದು, ಸಾವಕಾಶವಾಗಿ, ಹೊತ್ತು ಮುಳುಗುವವರೆಗೆ ಹೀಯಾಳಿಸು.

ನಿನ್ನ ಮೊಮ್ಮಗಳ ಮೊಮ್ಮಗಳು,
ದಾಕ್ಷಾಯಣವ್ವ