ಸುಂಕಲಮ್ಮನಿಗೆ ಬಿಟ್ಟ ಹುಂಜ

ಪಾರ್ವತಿನಗರ, ಬಳ್ಳಾರಿ
ಬುಧವಾರ, ೧೨ ಫೆಬ್ರವರಿ ೨೦೨೫

ಫೋನಿನಲ್ಲಿ ನನ್ನ ಮಾತು ಎಂದೂ ಮುಗಿಯಗೊಡದ ಹಂಪಕ್ಕನಿಗೆ ತಂಗಿ ಶೀಲಾಳ ನಮಸ್ಕಾರಗಳು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಆದರೆ ಇಲ್ಲಿ ‘ನಾವೆಲ್ಲ’ ಎಂದರೆ ನಾನು ಮತ್ತು ಒಂದು ಹುಂಜ. ಇಬ್ಬರೂ ಕ್ಷೇಮವಾಗಿಲ್ಲ. ಅದರ ಕಾಲು ಮುರಿದಿದೆ, ನನ್ನ ತಲೆ ಕೆಟ್ಟಿದೆ.

ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರಿಗೆ ಹಾಕುತ್ತೀ. ಸಿರುಗುಪ್ಪದ ನಿನ್ನ ಪಡಸಾಲೆಯಲ್ಲಿ ಕೂತವರೆಲ್ಲ ನನಗೆ ಬುದ್ಧಿ ಹೇಳುತ್ತಾರೆ. ಭಾವ ಕೂಡ ಎಲೆಅಡಿಕೆ ಅಗಿಯುತ್ತಲೇ ಒಂದು ಮಾತು ಸೇರಿಸುತ್ತಾರೆ. ಅದಕ್ಕೇ ಈ ಪತ್ರ. ಜೀನ್ಸ್ ಯೂನಿಟ್ಟಿನಲ್ಲಿ ನನ್ನ ಪಕ್ಕದ ಮಷೀನಿಗೆ ಕೂರುವ ಮುನ್ನಿ, ಅಣ್ಣನ ಮನೆಗೆಂದು ಸಿರುಗುಪ್ಪಕ್ಕೆ ಬರುತ್ತಿದ್ದಾಳೆ. ಅವಳ ಕೈಯಲ್ಲಿ ಕೊಡುತ್ತೇನೆ. ಒಬ್ಬಳೇ ಓದು. ಗಟ್ಟಿಯಾಗಿ ಓದಬೇಡ.

ಮೊನ್ನೆ ನೀನು ಅಂದದ್ದು ಇಷ್ಟು: “ಒಂದು ಕೋಳಿ ಸಲುವಾಗಿ ಯಾಕ ಇಷ್ಟು ಒದ್ದಾಡ್ತೀಯಲೇ? ಕಾಲು ಮುರಿದದ್ದು ಸುಂಕಲಮ್ಮಗ ನಡಿಯಂಗಿಲ್ಲ. ಬಸ್ಸಿಗೆ ಹಾಕಿ ಕಳಿಸು, ಇಲ್ಲಿ ಸಾರು ಮಾಡ್ತೀವಿ. ಹರಕಿಗೆ ಬ್ಯಾರೆ ಹುಂಜ ಬಿಡ್ತೀನಿ.” ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಕಟ್ ಮಾಡಿದೆ. ಈಗ ಕೇಳು.

ಈ ಹುಂಜ ನನ್ನ ಮನೆಗೆ ಬಂದದ್ದು ನಿನ್ನಿಂದ. ಹೋದ ಯುಗಾದಿಗೆ ನನ್ನ ಗಂಡ ನಾಲ್ಕು ದಿನ ಎಂದು ಹೇಳಿ ಕುರುಗೋಡಿಗೆ ಹೋದವರು ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲೇ ಕೂತುಬಿಟ್ಟರು. “ನಾನು ಬೇಕೋ, ನಿನ್ನ ಹೊಲಿಗಿ ಮಷೀನ್ ಬೇಕೋ ಹೇಳು, ಕೆಲಸ ಬಿಟ್ಟು ಕುರುಗೋಡಿಗೆ ಬಾ” ಎಂದಿದ್ದರು. ನಾನು ಎಂದಿನಂತೆ ಯೂನಿಟ್ಟಿಗೆ ಹೋದೆ. ಅವರು ಅದನ್ನೇ ಉತ್ತರ ಅಂದುಕೊಂಡರು. ನೀನು ಸುಮ್ಮನಿರಬೇಕಿತ್ತು. ಸುಂಕಲಮ್ಮನ ಗುಡಿಗೆ ಹೋಗಿ, ತಂಗಿಯ ಗಂಡ ಮನೆಗೆ ತಿರುಗಿ ಬಂದರೆ ಒಂದು ಹುಂಜ ಕೊಡುತ್ತೇನೆ ಎಂದು ನನ್ನ ಹೆಸರಿನಲ್ಲಿ ಹರಕೆ ಹೊತ್ತೆ. ನನ್ನನ್ನು ಯಾಕೆ ಕೇಳಲಿಲ್ಲ ಎಂದರೆ, “ಕೋಳಿ ಕೇಳಿ ಮಸಾಲಿ ಅರೀತಾರೇನು?” ಎಂದು ನಕ್ಕೆ. ಆಮೇಲೆ ಒಂದು ಎಳೆಯ ಹುಂಜವನ್ನು ಕೈಚೀಲದಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಬಂದು ನನ್ನ ಅಂಗಳದಲ್ಲಿ ಬಿಟ್ಟೆ. ಹರಕೆ ಯಾರ ಹೆಸರಿನದೋ ಅವರ ಮನೆಯ ಕಾಳು ತಿಂದೇ ಅದು ಬೆಳೆಯಬೇಕಂತೆ. ಹೋಗುವಾಗ ಬಾಗಿಲಲ್ಲಿ ನಿಂತು, “ದೇವರಿಗೆ ಬಿಟ್ಟದ್ದಕ್ಕ ಹೆಸರಿಟ್ಟು ಕರೀಬ್ಯಾಡ” ಅಂದೆ.

ಅದೊಂದು ಮಾತು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅದು ಎದೆ ಮುಂದೆ ಚಾಚಿ, ಓಣಿಯೇ ತನ್ನದು ಎಂಬಂತೆ ನಡೆಯುವುದನ್ನು ನೋಡಿ ‘ಸಮ್ರಾಟ್’ ಎಂದೆ. ಕೂಗಿದರೆ ಬಂತು. ಯೂನಿಟ್ಟಿನಿಂದ ಬಂದು ಗೇಟು ತೆರೆದರೆ ಓಡಿ ಬಂತು. ಹೆಸರು ಹಿಡಿದು ಕೂಗಿದರೆ ಓಡಿ ಬರುವ ಜೀವವನ್ನು ಯಾರಾದರೂ ಹರಕೆ ಅಂದುಕೊಳ್ಳುತ್ತಾರೆಯೇ ಅಕ್ಕ?

ಮನೆಯ ಒಡತಿ ವೀರಭದ್ರಮ್ಮನವರು ನಿನಗೆ ಗೊತ್ತು, ಲಿಂಗ ಕಟ್ಟಿದವರು. ಅಡುಗೆಮನೆಯಲ್ಲಿ ಮಾಂಸ ಬೇಯಿಸುವಂತಿಲ್ಲ ಎಂಬ ಷರತ್ತಿನ ಮೇಲೇ ನನಗೆ ಬಾಡಿಗೆಗೆ ಕೊಟ್ಟದ್ದು. ಹುಂಜ ಕಂಡು ಬೈಯುತ್ತಾರೆ ಅಂದುಕೊಂಡಿದ್ದೆ. “ಜೀವ ಇದ್ದರ ನಂದೇನು ತಕರಾರಿಲ್ಲವ್ವ, ಬೇಯಬಾರದು ಅಷ್ಟ” ಎಂದರು.

ನಾಯಿ ಹಿಡಿದ ದಿನವೂ ಅವರೇ ಇದ್ದದ್ದು. ನಾನು ಕೆಲಸದಲ್ಲಿದ್ದೆ. ಓಣಿಯ ಕಂದು ನಾಯಿ ಗೇಟಿನ ಸಂದಿಯಿಂದ ನುಗ್ಗಿ ಸಮ್ರಾಟನ ಕಾಲು ಹಿಡಿದು ಎಳೆದಿದೆ. ವೀರಭದ್ರಮ್ಮ ಕೈಯಲ್ಲಿದ್ದ ನೀರಿನ ಚೊಂಬನ್ನೇ ಬೀಸಿ ಒಗೆದಿದ್ದಾರೆ. ನಾಯಿ ಬಿಟ್ಟು ಓಡಿತು, ಚೊಂಬು ಸೊಟ್ಟಗಾಯಿತು. ನಾನು ಬರುವಷ್ಟರಲ್ಲಿ ಹುಂಜ ತುಳಸಿಕಟ್ಟೆಯ ಹಿಂದೆ ಮುದುಡಿ ಕೂತಿತ್ತು. ಗೇಟಿನ ಸದ್ದಿಗೆ ಎದ್ದು ಓಡಿಬರಲು ಹೋಗಿ ಮಗ್ಗುಲಿಗೆ ಬಿತ್ತು. ಅದನ್ನು ನೋಡಿ ನಾನು ಅಳಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡ, ಎಲ್ಲರ ಮೇಲೂ.

ಪಶು ಆಸ್ಪತ್ರೆಯಲ್ಲಿ ಎಮ್ಮೆಗಳ ಸಾಲಿನಲ್ಲಿ ಎದೆಗೆ ಹುಂಜ ಅವಚಿಕೊಂಡು ನಿಂತೆ. ಸಂಗನಕಲ್ಲಿನಿಂದ ಬಂದಿದ್ದ ಒಬ್ಬ ರೈತ ನನ್ನ ಮುಖ ನೋಡಿ, ಹುಂಜದ ಮುಖ ನೋಡಿ, ಟವೆಲಿನಲ್ಲಿ ನಗು ಒರೆಸಿಕೊಂಡ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಡಾಕ್ಟರು ಮಾತ್ರ ನಗಲಿಲ್ಲ. ಮೂಳೆ ಕೂಡಿಸಿ, ಎರಡು ಕಡ್ಡಿ ಇಟ್ಟು ಪಟ್ಟಿ ಸುತ್ತಿ, ಗಾಯಕ್ಕೆ ಮುಲಾಮು, ಮಾತ್ರೆ ಕೊಟ್ಟು, “ಕಾಲಿನ ಮ್ಯಾಲ ಭಾರ ಹಾಕಬಾರದು ನೋಡಮ್ಮ” ಎಂದರು. ಅದನ್ನು ಹುಂಜಕ್ಕೆ ತಿಳಿಸುವುದು ಹೇಗೆ ಎಂದು ಮಾತ್ರ ಹೇಳಲಿಲ್ಲ.

ಕೊನೆಗೆ ನನಗೆ ಗೊತ್ತಿರುವ ಕೆಲಸವನ್ನೇ ಮಾಡಿದೆ. ಯೂನಿಟ್ಟಿನಲ್ಲಿ ರಿಜೆಕ್ಟ್ ಆದ ಪ್ಯಾಂಟೊಂದನ್ನು ಕೇಳಿ ತಂದು, ಅದರ ಒಂದು ಕಾಲನ್ನು ಕತ್ತರಿಸಿ, ಹುಂಜದ ಕಾಲುಗಳಿಗೆ ಎರಡು ತೂತು ಬಿಟ್ಟು, ಅಂಚಿಗೆ ಜೋಡಿ ಹೊಲಿಗೆ ಹಾಕಿ ಒಂದು ಜೋಲಿ ಹೊಲಿದೆ. ಎರಡು ಕುರ್ಚಿಗಳ ನಡುವೆ ಕಟ್ಟಿದೆ. ಕಾಲು ನೆಲಕ್ಕೆ ಸೋಕಿಯೂ ಸೋಕದಂತೆ ಸಮ್ರಾಟ ತೂಗಿಕೊಂಡ. ಎಷ್ಟು ಹೆಮ್ಮೆಯಾಯಿತು ಗೊತ್ತೇ! ಹಿಂದುಗಡೆ ಇನ್ನೊಂದು ತೂತು ಬೇಕೆಂಬುದು ಹೊಳೆದಿರಲಿಲ್ಲ. ಬೆಳಗ್ಗೆ ವಾಸನೆ ನೆನಪಿಸಿತು. ಜೋಲಿ ಬಿಚ್ಚಿ, ತೊಳೆದು, ಕತ್ತರಿಸಿ, ಮತ್ತೆ ಹೊಲಿದು ಕೆಲಸಕ್ಕೆ ಹೋಗುವಷ್ಟರಲ್ಲಿ ತಡವಾಗಿ ಸೂಪರ್‌ವೈಸರ್ ಜ್ಯೋತಿಲಕ್ಷ್ಮಿ ಮೇಡಂ ಕೈಯಲ್ಲಿ ಬೈಸಿಕೊಂಡೆ. ಕೋಳಿಯ ಜೋಲಿ ಹೊಲಿಯುತ್ತಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ?

ರೋಗಿಯಾದರೂ ನೆಟ್ಟಗಿತ್ತೇ? ಅನ್ನದ ಉಂಡೆಯೊಳಗೆ ಮಾತ್ರೆಯ ಚೂರು ಅಡಗಿಸಿಟ್ಟರೆ ಅನ್ನ ನುಂಗಿ ಚೂರನ್ನು ನನ್ನ ಸೀರೆಯ ಮೇಲೆ ಉಗುಳುತ್ತಿತ್ತು. ಗಂಜಿಯ ಬಟ್ಟಲನ್ನು ರೆಕ್ಕೆಯಿಂದ ಬಡಿದು ಬೀಳಿಸುತ್ತಿತ್ತು. ಪಟ್ಟಿ ಬದಲಿಸುವಾಗ ಕೈಗೆ ಕುಕ್ಕುತ್ತಿತ್ತು. ನನ್ನ ಬೆರಳು ನೋಡಿದರೆ ಸೂಜಿ ಚುಚ್ಚಿಕೊಂಡ ಹೊಸ ಹುಡುಗಿ ಅನ್ನಬೇಕು. ಕಾಲು ಮುರಿದರೂ ಗಂಟಲಿಗೆ ಏನೂ ಆಗಿರಲಿಲ್ಲ, ಬೆಳಕು ಹರಿಯುವ ಮುಂಚೆಯೇ ಜೋಲಿಯಲ್ಲಿ ತೂಗುತ್ತಾ ಕೂಗುತ್ತಿತ್ತು. ಒಮ್ಮೆ ರೇಗಿ, “ಸಾಯಿ ಅತ್ತಾಗ!” ಎಂದು ಬೈದು ಹೊರಗೆ ಹೋಗಿ ಕೂತೆ. ಆಮೇಲೆ ಒಳಗೆ ಬಂದು ಉಸಿರಾಡುತ್ತಿದೆಯೇ ಎಂದು ನೋಡಿದೆ. ನನ್ನದೇ ಹಣೆಬರಹ.

ಮುನ್ನಿ ಬಂದು ನೋಡಿ, “ಸಾಯೋದ್ರೊಳಗ ಹಲಾಲ್ ಮಾಡಿಸಿಬಿಡು ಶೀಲಾ, ತಾನಾಗೇ ಸತ್ತರ ಯಾರಿಗೂ ತಿನ್ನಾಕ ಬರಂಗಿಲ್ಲ” ಎಂದಳು. ಪಾಪ, ಕಳಕಳಿಯಿಂದಲೇ ಅಂದಳು. ನೀನು ದೇವರಿಗೆ ನಡೆಯುವುದಿಲ್ಲ ಅಂದೆ. ವೀರಭದ್ರಮ್ಮ ಬೇಯಬಾರದು ಅಂದರು. ಅದು ಹೇಗೆ ಸಾಯಬೇಕು, ಸತ್ತ ಮೇಲೆ ಏನಾಗಬೇಕು ಎಂಬುದಕ್ಕೆ ಎಲ್ಲರ ಹತ್ತಿರವೂ ಒಂದೊಂದು ಕಟ್ಟಳೆ ಇದೆ. ನೀರು ಕುಡಿಸುವಾಗ ಕೊಕ್ಕು ಹಿಡಿಯಲು ಮಾತ್ರ ಒಬ್ಬರೂ ಸಿಗಲಿಲ್ಲ. ಸುಳ್ಳು ಬರೆಯಬಾರದು, ವೀರಭದ್ರಮ್ಮ ಒಂದೆರಡು ಸಲ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಖ ಆಚೆ ತಿರುಗಿಸಿಕೊಂಡು ಹಿಡಿದರು.

ಇಷ್ಟು ಒದ್ದಾಟ ಯಾಕೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ. ಈ ಮನೆಯಲ್ಲಿ ನಾನು ಬರುವುದನ್ನು ಕಾಯುವುದು ಅದೊಂದೇ. ನಾನು ಉಂಡೆನೋ ಬಿಟ್ಟೆನೋ ಅದಕ್ಕೆ ಗೊತ್ತಾಗುವುದಿಲ್ಲ, ನಿಜ. ಆದರೆ ನಾನು ಬಂದದ್ದು ಗೊತ್ತಾಗುತ್ತದೆ. ಅಷ್ಟು ಗೊತ್ತಾಗುವವರನ್ನು ಸಾರು ಮಾಡಲು ನನ್ನಿಂದ ಆಗುವುದಿಲ್ಲ. ದೇವಿಗೆ ಕೊಡಲೂ ಆಗುವುದಿಲ್ಲ.

ನಿನ್ನೆ ಪಟ್ಟಿ ಬಿಚ್ಚಿದರು. ಎಲುಬು ಕೂಡಿದೆ, ಆದರೆ ಪಾದ ಹೊರಕ್ಕೆ ತಿರುಗಿಕೊಂಡೇ ಇದೆ. ಇನ್ನು ಅದು ಕುಂಟಿಕೊಂಡೇ ನಡೆಯುತ್ತದಂತೆ. ಡಾಕ್ಟರು ಸಮಾಧಾನ ಹೇಳಲು ಬಂದರೆ ನಾನು ಸಂತೋಷಪಟ್ಟೆ. ಕುಂಟ ಹುಂಜವನ್ನು ಸುಂಕಲಮ್ಮ ಮುಟ್ಟುವುದಿಲ್ಲ ಎಂದು ನೀನೇ ಹೇಳಿದ್ದೀ. ಹಾಗಾದರೆ ಅದು ನನ್ನದು. ಅದನ್ನು ಬಸ್ಸಿಗೆ ಹಾಕುವುದಿಲ್ಲ. ಬೇರೆ ಹುಂಜ ಬಿಡುತ್ತೇನೆ ಅಂದೆಯಲ್ಲ, ಅದನ್ನು ಮಾತ್ರ ನನ್ನ ಅಂಗಳಕ್ಕೆ ತರಬೇಡ. ಅದಕ್ಕೂ ಒಂದು ಹೆಸರಿಟ್ಟುಬಿಡುತ್ತೇನೆ.

ನನ್ನ ಗಂಡನ ಸುದ್ದಿ ಏನು ಎಂದು ಪ್ರತಿ ಸಲವೂ ಕೇಳುತ್ತೀ. ಸುದ್ದಿ ಏನೂ ಇಲ್ಲ. ಭಾವನವರಿಗೆ ನಮಸ್ಕಾರ. ನಿನ್ನ ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ಬಿಡಬೇಡ.

ನಿನ್ನ ಮಾತು ಕೇಳದ ತಂಗಿ,
ಶೀಲಾ

ವಿ.ಸೂ.: ಪತ್ರ ಮಡಚಿ ಮತ್ತೆ ಬಿಚ್ಚಿದ್ದೇನೆ. ಸುದ್ದಿ ಇಲ್ಲ ಎಂದದ್ದು ಸುಳ್ಳು. ಹೋದ ಭಾನುವಾರ ಅವರು ಬಂದಿದ್ದರು. ಕೈಯಲ್ಲಿ ಬಟ್ಟೆಯ ಬ್ಯಾಗಿತ್ತು, ಅಂದರೆ ಇರಲಿಕ್ಕೇ ಬಂದದ್ದು. ನಿನ್ನ ದೇವಿ ತನ್ನ ಕೆಲಸ ಮಾಡಿದ್ದಾಳೆ, ಅವಳನ್ನು ಬೈಯಬೇಡ. ನಾನು ಸಮ್ರಾಟನಿಗೆ ಗಂಜಿ ಕುಡಿಸುತ್ತಿದ್ದೆ. ಜೋಲಿ ನೋಡಿ ನಕ್ಕು, “ಇದಕ್ಯಾಕ ಇಷ್ಟು ಉಪಚಾರ? ಕೊಯ್ದು ಸಾರು ಮಾಡು, ಉಂಡು ಎಷ್ಟು ದಿನ ಆತು” ಎಂದು ಇನ್ನೊಂದು ಕುರ್ಚಿಯಲ್ಲಿ ಕೂತರು. ನೀ ಹೆಂಗಿದ್ದಿ ಎಂದು ಈಗ ಕೇಳುತ್ತಾರೆ, ಆಗ ಕೇಳುತ್ತಾರೆ ಎಂದು ಗಂಜಿ ಮುಗಿಯುವವರೆಗೂ ಕಾದೆ, ಅಕ್ಕ. ಟೀವಿ ರಿಮೋಟ್ ಎಲ್ಲಿದೆ ಎಂದು ಕೇಳಿದರು. ನಾನು ಕೈ ತೊಳೆದುಕೊಂಡು ಬಂದು, ಬ್ಯಾಗನ್ನು ಎತ್ತಿ ಅವರ ಕೈಗೇ ಕೊಟ್ಟು, ಕುರುಗೋಡಿನ ಬಸ್ಸು ಇನ್ನೂ ಸಿಗುತ್ತದೆ ಎಂದೆ. ಹೋದರು. ಆಮೇಲೆ ನಾನು ಅತ್ತುಬಿಟ್ಟೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ವಾಪಸು ಕರೆಯಬೇಕು ಅನ್ನಿಸಲಿಲ್ಲ. ಅವರನ್ನು ಕರೆತಂದವಳು ಸುಂಕಲಮ್ಮ, ಕಳಿಸಿದವಳು ನಾನು. ಹರಕೆ ತೀರಿತೋ ಇಲ್ಲವೋ ನೀವಿಬ್ಬರೂ ಮಾತಾಡಿಕೊಳ್ಳಿ. ಇನ್ನು ಮೇಲೆ ನನ್ನ ಹೆಸರಿನಲ್ಲಿ ಏನಾದರೂ ಬೇಡಿಕೊಳ್ಳುವ ಮುಂಚೆ, ಅದು ನನಗೆ ಬೇಕೋ ಬೇಡವೋ ಎಂದು ಒಂದು ಸಲ ನನ್ನನ್ನು ಕೇಳು.