ಎರಡನೇ ಅಧ್ಯಾಯದ ಅಭ್ಯಾಸ

ಮಾರ್ಚ್ ೧೧, ಮಂಗಳವಾರ

ಡೇಟಾಬೇಸ್ ಕಲಿಯಲು ಯಾವ ಪುಸ್ತಕ ಒಳ್ಳೆಯದು ಎಂದು ತಂಗಿ ಕೇಳಿದಾಗ ಕಣ್ಣು ಮುಚ್ಚಿಕೊಂಡು ಆ ನೀಲಿ ರಟ್ಟಿನದನ್ನೇ ಕೊಟ್ಟಿದ್ದೆ. ಅದರ ಅಭ್ಯಾಸಗಳೆಲ್ಲ ಶುರುವಾಗುವುದೇ ಅದೇ ಹೆಸರಿನ ಹಳೆಯ ಟೇಬಲ್, ಅಂದರೆ ಮಾಹಿತಿಯ ಪಟ್ಟಿ, ಇದ್ದರೆ ಅದನ್ನು ಅಳಿಸುವ ಆದೇಶದ ಸಾಲಿನಿಂದ. ಇವಳು ಮನೆಯಲ್ಲಿ ಮಾಡುವುದು ಬಿಟ್ಟು, ತಾನು ಕೆಲಸ ಮಾಡುವ ಕಣ್ಣಿನ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅದನ್ನು ಇದ್ದ ಹಾಗೇ ಟೈಪ್ ಮಾಡಿದ್ದಾಳೆ. ಪುಸ್ತಕದ ಟೇಬಲ್ಲಿನ ಹೆಸರು ‘ರೋಗಿಗಳು’. ಆಸ್ಪತ್ರೆಯ ಟೇಬಲ್ಲಿನ ಹೆಸರೂ ಅದೇ.

“ಅಕ್ಕಾ, ಒಬ್ಬರ ಹೆಸರೂ ಕಾಣಿಸ್ತಿಲ್ಲ. ಬೆಳಗ್ಗೆ ಆಪರೇಷನ್‌ಗೆ ಜನ ಬರ್ತಾರೆ,” ಎಂದು ಈಗಷ್ಟೇ ಫೋನಿನಲ್ಲಿ ಅತ್ತಳು.

ಪುಸ್ತಕವನ್ನು ಬೈಯಲೋ, ನನ್ನನ್ನೇ ಬೈದುಕೊಳ್ಳಲೋ? ಹೊಗಳಿ ಹೊಗಳಿ ಕೊಟ್ಟವಳು ನಾನೇ ತಾನೇ!

“ಅಳಬೇಡ, ತಡಿ. ಬ್ಯಾಕಪ್ ತೆಗೆದಿಟ್ಟಿದ್ದೀಯಲ್ಲ?” ಎಂದೆ.

“ಅದು ಎಷ್ಟನೇ ಅಧ್ಯಾಯ, ಅಕ್ಕಾ? ನಾನಿನ್ನೂ ಎರಡರಲ್ಲೇ ಇದ್ದೀನಿ.”

ಅದಿರುವುದು ಕೊನೆಯದರಲ್ಲಿ.